ಉಳಿಸಿದ ಬಳೆ

ಮೂರನೆಯ ಅಂಕದ ಪರದೆ ಬಿದ್ದ ಮೇಲೆ ಚಂದ್ರಾಬಾಯಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಕನ್ನಡಿಯನ್ನೂ ನೋಡುತ್ತಿರಲಿಲ್ಲ. ಬಣ್ಣದ ಮನೆಯ ಮೂಲೆಯಲ್ಲಿ ತನ್ನ ಕಬ್ಬಿಣದ ಟ್ರಂಕಿನ ಮುಂದೆ ಕೂತು ಕಾಯುತ್ತಿದ್ದಳು. ಹೊರಗೆ ಮಂಗಳದ ಹಾಡು ಮುಗಿದು ಜನರ ಗದ್ದಲ ಎದ್ದ ಮೇಲೆ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ ಭಾಗಪ್ಪ ಒಳಗೆ ಬರುತ್ತಿದ್ದ. ಬಂದವನು ಅವಳ ಎಡಗೈ ಹಿಡಿದು, ಮೊಣಕೈವರೆಗಿನ ಕುಪ್ಪಸದೊಳಗೆ ಬೆರಳು ತೂರಿಸಿ, ಅಲ್ಲಿ ಅಡಗಿಸಿಟ್ಟ ಒಂದೇ ಒಂದು ಹಸಿರು ಬಳೆಯನ್ನು ಮಣಿಕಟ್ಟಿಗೆ ಇಳಿಸುತ್ತಿದ್ದ. ಆಮೇಲೆ ಹಣೆಗೆ ಕುಂಕುಮ. ಅದಾದ ಮೇಲೆ, ನಟಿಯರಿಗೆ ಸೀರೆ ಉಡಿಸುವ ಬೀಬಿಜಾನ, ಗೋಡೆಯ ಕಡೆ ತಿರುಗಿಸಿಟ್ಟ ಕನ್ನಡಿಯನ್ನು ಇತ್ತ ತಿರುಗಿಸುತ್ತಿದ್ದಳು. ಚಂದ್ರಾಬಾಯಿ ತನ್ನ ಮುಖ ನೋಡಿಕೊಂಡು, "ಬಂದ್ರೇನು ಮಾಸ್ತರ?" ಎನ್ನುತ್ತಿದ್ದಳು. "ಬಂದ್ನಿ," ಎನ್ನುತ್ತಿದ್ದ ಅವನು.

ಇಪ್ಪತ್ತು ವರ್ಷ ಹೀಗೇ ನಡೆಯಿತು.

ಕಂಪನಿಯ ಹೆಸರು ಉಳಿಸಿದ್ದ ನಾಟಕ 'ಗಿರಣಿ ಭೋಂಗಾ ಅರ್ಥಾತ್ ಬಡವಿಯ ಬಳೆ'. ಭೋಂಗಾ ಎಂದರೆ ಗಿರಣಿಯ ಸೈರನ್ನು. ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದ ಗಂಡ ಯಂತ್ರಕ್ಕೆ ಸಿಕ್ಕು ಸಾಯುತ್ತಾನೆ. ಮೂರನೆಯ ಅಂಕದಲ್ಲಿ ಅವನ ಹೆಂಡತಿ ಬೀಸುಕಲ್ಲಿಗೆ ಕೈ ಬಡಿದು ಬಳೆ ಒಡೆದುಕೊಂಡು ಅಳುತ್ತಾಳೆ. ಆ ಅಳು ಕೇಳಲೆಂದೇ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಅತ್ತು ಮುಗಿಸಿದರೆ "ವನ್ಸ್ ಮೋರ್" ಎಂದು ಕೂಗುತ್ತಿದ್ದರು. ಬಳೆ ಒಡೆದಾಗಿದೆ, ಗಂಡ ಸತ್ತಾಗಿದೆ, ಆದರೂ ಅವಳು ಎದ್ದು ಇನ್ನೊಮ್ಮೆ ಅಳಬೇಕು. ಅಳುತ್ತಿದ್ದಳು.

ಅವಳ ಹುಟ್ಟುಹೆಸರು ಪರಸವ್ವ, ಊರು ತಿಕೋಟೆ. ತಾಯಿ ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ಕಂಪನಿ ತಿಕೋಟೆಯಲ್ಲಿ ಬೀಡು ಬಿಟ್ಟಾಗ ಹನ್ನೆರಡು ವರ್ಷದ ಪರಸವ್ವ ಬಣ್ಣದ ಮನೆಗೆ ನೀರು ಹೊತ್ತಳು, ಹೊರುತ್ತ ಹೊರುತ್ತ ನಾಂದಿ ಹಾಡು ಕಲಿತಳು, ಕಂಪನಿ ಎದ್ದಾಗ ಅದರ ಜತೆ ಎದ್ದಳು. ಆಗ ವಿಧವೆಯ ಪಾರ್ಟು ಮಾಡುತ್ತಿದ್ದವನು ಸಾಬಣ್ಣ ಎಂಬ ಗಂಡಸು. ಎಷ್ಟು ಬಣ್ಣ ಬಳಿದರೂ ಅವನ ಗಡ್ಡದ ನೀಲಿ ಮುಚ್ಚದಂತಾದಾಗ, ಆ ಪಾರ್ಟನ್ನು ಹತ್ತೊಂಬತ್ತರ ಚಂದ್ರಾಬಾಯಿಗೆ ಕೊಟ್ಟು ಅವನೇ ಮುಂದೆ ಕೂತು ಕಲಿಸಿದ.

"ಅಳು ಹೊಟ್ಟಿಲಿಂದ ಬರಬೇಕು, ಖರೆ. ಆದರ ಪೇಟಿಯ ಕಪ್ಪು ಎರಡರ ಮ್ಯಾಲ, ಎರಡನೇ ಕಪ್ಪು ಮನಿ ಸ್ವರದ ಮ್ಯಾಲ, ಕೂಡ್ರಬೇಕು. ಇಲ್ಲಾಂದ್ರ ಅದು ಅಳು ಅಲ್ಲ, ಚೀರಾಟ," ಎಂದಿದ್ದ. "ಇನ್ನೊಂದ ಮಾತು. ಎಲ್ಲಾ ಬಳಿ ಒಡೀಬ್ಯಾಡ ಲೇ ಹುಡಿಗಿ. ಒಂದನ್ನ ತೋಳಿಗೆ ಏರಿಸಿ ಕುಬಸದಾಗ ಮುಚ್ಚು. ಅದು ನಿನ್ನ ಗಂಡಂದು."

"ನಿಮಗ ಎಲ್ಲಿ ಗಂಡ ಅದಾನ್ರಿ ಕಾಕಾ?" ಎಂದು ಅವಳು ನಕ್ಕಿದ್ದಳು.

"ನನಗಿಲ್ಲ. ನನ್ನ ಪಾರ್ಟಿಗೆ ಇದ್ದ. ಹದಿನೆಂಟು ವರ್ಷ ಆ ಭಾಡ್ಯಾನ್ನ ಜ್ವಾಪಾನ ಮಾಡೇನಿ!"

ಅಂದಿನಿಂದ ಅದು ಅವಳ ರೂಢಿಯಾಯಿತು. ಬಳೆಗಾರ ಚಮನಸಾಬ ಕಂಪನಿಗೆ ಬಳೆ ತಂದಾಗ ಅದರಲ್ಲಿ ಒಂದು ಮಾತ್ರ ದೊಡ್ಡ ಅಳತೆಯದು ಇರುತ್ತಿತ್ತು, ತೋಳಿಗೆ ಏರಲೆಂದು. ಬೀಸುಕಲ್ಲಿನ ಮುಂದೆ ಬಾಗುವಾಗ ಬಲಗೈ ಆ ಬಳೆಯನ್ನು ಮೇಲೆ ನೂಕುತ್ತಿತ್ತು. ನೂರು ಆಟವಾದ ಮೇಲೆ ಅವಳಿಗೆ ಅದು ನೂಕಿದ್ದೂ ತಿಳಿಯುತ್ತಿರಲಿಲ್ಲ.

ಭಾಗಪ್ಪ ಕಾಖಂಡಕಿಯವನು. ಊರಲ್ಲಿ ಅವನಿಗೆ ತೊಟ್ಟಿಲ ಹೊತ್ತಿನಲ್ಲೇ ಗೊತ್ತುಮಾಡಿ ಲಗ್ನ ಮಾಡಿದ ಹೆಂಡತಿ ಇದ್ದಳು, ಗುರುಸಿದ್ದವ್ವ. ಇದನ್ನು ಅವನು ಚಂದ್ರಾಬಾಯಿಗೆ ಮುಚ್ಚಿಡಲಿಲ್ಲ. ತಿಕೋಟೆಯ ಹಣಮಪ್ಪನ ಗುಡಿಯಲ್ಲಿ ಅವಳಿಗೆ ತಾಳಿ ಕಟ್ಟಿದಾಗ ಇದ್ದವರು ಇಬ್ಬರೇ: ಒಳಗೆ ಸಾಬಣ್ಣ, ಹೊರಗೆ ಕಟ್ಟೆಯ ಮೇಲೆ ಚಪ್ಪಲಿ ಕಾಯುತ್ತ ಬೀಬಿಜಾನ. ಪ್ರತಿ ವರ್ಷ ಕಾರಹುಣ್ಣಿಮೆಗೆ ಭಾಗಪ್ಪ ಎಂಟು ದಿನ ಊರಿಗೆ ಹೋಗುತ್ತಿದ್ದ. ಚಂದ್ರಾಬಾಯಿ ಬಾಯಲ್ಲಿ ಕಾಖಂಡಕಿಯ ಹೆಸರು ತರುತ್ತಿರಲಿಲ್ಲ. "ಆ ಊರಿಗೆ ಯಾವಾಗ?" ಎಂದು ಕೇಳಿ, ಚೀಲಕ್ಕೆ ಒಗೆದ ಧೋತರ ಇಡುತ್ತಿದ್ದಳು.

ಟ್ರಂಕಿನ ಮುಚ್ಚಳದ ಒಳಗಡೆ ಒಂದು ಚಿತ್ರ ಅಂಟಿಸಿತ್ತು. ಟ್ರಂಕನ್ನು ಸೊಲ್ಲಾಪುರದಲ್ಲಿ ಹಳೆಯ ಸಾಮಾನು ಮಾರುವ ಜುನಾ ಬಜಾರಿನಲ್ಲಿ ಕೊಂಡಾಗಲೇ ಇದ್ದದ್ದು. ಕೂದಲು ಎತ್ತಿ ಕಟ್ಟಿದ, ಒಂದು ಕೈ ಎದೆಯ ಮೇಲಿಟ್ಟ ಪರದೇಶದ ಹೆಂಗಸು. ಕೆಳಗೆ ಯಾರಿಗೂ ಓದಲು ಬಾರದ ಎರಡು ಸಾಲು. ಬೆಟಗೇರಿಯ ಪಾದ್ರಿಗಳ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ಭಾಗಪ್ಪ ಒಮ್ಮೆ ನೋಡಿದವನೇ ಹೇಳಿಬಿಟ್ಟ: "ಇಕಿ ಜರ್ಮನ್ ದೇಶದ ನಾಟಕದಾಕಿ. ನೂರು ವರ್ಷದ ಹಿಂದಿನಾಕಿ. ನನ್ನ ಪೇಟಿ ಸ್ವರಾನೂ ಜರ್ಮನ್ದು. ಅಂದ್ರ ಇಕಿ ನಮ್ಮ ಪೈಕಿ."

ಅಂದಿನಿಂದ ಅವಳಿಗೆ ಜರ್ಮನ್ ಬಾಯಿ ಎಂದೇ ಹೆಸರಾಯಿತು. ವಿಧವೆಯ ಆಟವಾದ ಮೇಲೆ ಕನ್ನಡಿ ನೋಡುವಂತಿರಲಿಲ್ಲವಲ್ಲ, ಚಂದ್ರಾಬಾಯಿ ನೋಡುತ್ತ ಕೂರುತ್ತಿದ್ದದ್ದು ಆ ಮುಖವನ್ನು. ಕುಂಕುಮ ಇಟ್ಟಾದ ಮೇಲೆ ಭಾಗಪ್ಪ ಅವಳ ಕಥೆಯನ್ನು ತುಂಡು ತುಂಡಾಗಿ ಹೇಳುತ್ತಿದ್ದ, ಒಂದು ಊರಿಗೆ ಒಂದು ತುಂಡು. ಜರ್ಮನ್ ಬಾಯಿ ರೊಟ್ಟಿ ಸುಟ್ಟು ಮಾರುವವನ ಮಗಳು. ಹದಿನಾಲ್ಕಕ್ಕೆ ಕುದುರೆಗಾಡಿಯ ಕಂಪನಿ ಸೇರಿದಳು. ಮೊದಲ ಆಟದಲ್ಲಿ ಮಾತು ಮರೆತು ನಿಂತಾಗ ಜನ ಸಿಳ್ಳೆ ಹೊಡೆದು ಇಳಿಸಿದರು. ಆಗ ಅವಳು ಒಂದು ಹಟ ತೊಟ್ಟಳು: ಕೂಗಬಾರದು. ಮೆಲ್ಲಗೆ ಮಾತಾಡಿದಳು, ಇನ್ನೂ ಮೆಲ್ಲಗೆ ಮಾತಾಡಿದಳು. ಕೇಳಬೇಕೆಂದರೆ ಜನರೇ ಬಾಯಿ ಮುಚ್ಚಬೇಕಾಯಿತು. ರಾಜರು ಶಾಲು ಹೊದಿಸಿದರು. ಪಿಟೀಲು ಬಾರಿಸುವವನೊಬ್ಬ ಅವಳ ಮೇಲೆ ಜೀವ ಇಟ್ಟ, ಅವನಿಗೆ ಊರಲ್ಲಿ ಹೆಂಡತಿ ಇದ್ದಳು.

"ಅದು ನಿಮ್ಮ ಕಥಿ," ಎನ್ನುತ್ತಿದ್ದಳು ಚಂದ್ರಾಬಾಯಿ.

"ಎಲ್ಲಾ ಕಂಪನಿ ಕಥಿ ಒಂದs."

"ಕಡೀಕ ಏನಾತು ಆಕಿಗೆ?"

"ಮುಂದಿನ ಕ್ಯಾಂಪಿನ್ಯಾಗ ಹೇಳ್ತೇನಿ ತಡಿ."

ಎಷ್ಟೋ ಕ್ಯಾಂಪು ಮುಗಿದವು. ಜರ್ಮನ್ ಬಾಯಿಗೆ ವಯಸ್ಸಾಯಿತು, ರಾಣಿಯ ಪಾರ್ಟು ಹೋಗಿ ರಾಣಿಯ ತಾಯಿಯ ಪಾರ್ಟು ಬಂತು. ಕಡೆಯದನ್ನು ಮಾತ್ರ ಭಾಗಪ್ಪ ಹೇಳಲೇ ಇಲ್ಲ.

೧೯೬೧ರ ಬೇಸಿಗೆಯಲ್ಲಿ ಕಂಪನಿ ವಿಜಾಪುರದಲ್ಲಿತ್ತು. ಗೋಳಗುಮ್ಮಟದ ಹಿಂದಿನ ಬಯಲಲ್ಲಿ ತಗಡಿನ ಥೇಟರು ಎದ್ದಿತ್ತು. ಒಂದು ಮುಂಜಾನೆ ಭಾಗಪ್ಪ ಪೇಟಿ ಬಿಚ್ಚಿ, ಹಿತ್ತಾಳೆಯ ಸ್ವರದ ಪಟ್ಟಿಗಳನ್ನು ಅರಿವೆಯ ಮೇಲೆ ಸಾಲಾಗಿ ಇಟ್ಟು ಒರೆಸುತ್ತಿದ್ದ. "ಚಂದ್ರಾ, ಚಹಾ," ಎಂದ. ಅವಳು ಚಹಾ ತರುವುದರಲ್ಲಿ ಒಂದು ಸ್ವರ ಕೈಯಲ್ಲಿ ಹಿಡಿದುಕೊಂಡೇ ಒಂದು ಮಗ್ಗುಲಿಗೆ ಮಲಗಿದ್ದ. ಮುಟ್ಟಿದಳು. ಕಪ್ಪನ್ನು ಕೆಳಗಿಟ್ಟಳು. ಆಮೇಲೆ ಬೀಬಿಜಾನಳನ್ನು ಕರೆದಳು.

ಹಿಂದಿನ ದಿನವಷ್ಟೇ 'ಗಿರಣಿ ಭೋಂಗಾ' ಆಗಿತ್ತು. ಅವಳ ಕೈಯಲ್ಲಿ ಅವನು ತೊಡಿಸಿದ ಹನ್ನೆರಡು ಬಳೆ ಇದ್ದವು: ಚಮನಸಾಬನ ಹೊಸ ಹನ್ನೊಂದು, ತೋಳಿನಿಂದ ಇಳಿಸಿದ್ದು ಒಂದು.

ಕಂಪನಿಯ ಮಾಲಕ ಧೂಳಪ್ಪ ಪರದೆ ಸಾಗಿಸುವ ಲಾರಿಯಲ್ಲೇ ಹೆಣ ಕಳಿಸಿದ. ಕಾಖಂಡಕಿಯಿಂದ ಬಂದಿದ್ದ ಭಾಗಪ್ಪನ ತಮ್ಮ ಬೀರಣ್ಣ ಮುಂದೆ ಡ್ರೈವರನ ಪಕ್ಕ ಕೂತ. ಹಿಂದೆ ಹೆಣದ ಬಳಿ ಚಂದ್ರಾಬಾಯಿ, ಅವಳ ಬಳಿ ಬೀಬಿಜಾನ. ಬರಬೇಡ ಎಂದು ಬೀರಣ್ಣ ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ.

ಕಾಖಂಡಕಿಯ ಮನೆಯ ಪಡಸಾಲೆ ತುಂಬ ಹೆಂಗಸರು. ಗುರುಸಿದ್ದವ್ವ ಗೋಡೆಗೆ ಆತು ಕೂತಿದ್ದಳು. ಚಂದ್ರಾಬಾಯಿ ಅವಳನ್ನು ಕಂಡದ್ದು ಅದೇ ಮೊದಲು. ತನಗಿಂತ ಎರಡು ಮೂರು ವರ್ಷಕ್ಕೆ ಹಿರಿಯಳು. ಗಟ್ಟಿ ಮೂಳೆ, ಹೊಲದಲ್ಲಿ ದುಡಿದ ಕೈ. ಅವಳು ಅಳುತ್ತಿರಲಿಲ್ಲ. ಭಾಗಪ್ಪನ ದೊಡ್ಡವ್ವ ಮುದುಕವ್ವ ಎದ್ದು ಬಂದು ಗುರುಸಿದ್ದವ್ವನ ಎರಡೂ ಕೈ ಜೋಡಿಸಿ ಹಿಡಿದು ಹೊಸ್ತಿಲ ಕಲ್ಲಿಗೆ ಬಡಿದಳು. ಚಂದ್ರಾಬಾಯಿಗೆ ಆ ಸದ್ದು ಗೊತ್ತು. ಎರಡು ಬಳೆ ಒಡೆದರೆ ಒಂದು ಸದ್ದು, ಆರು ಒಟ್ಟಿಗೆ ಒಡೆದರೆ ಇನ್ನೊಂದು. ಮುದುಕವ್ವ ಒಂದನ್ನೂ ಉಳಿಸಲಿಲ್ಲ.

ಚಂದ್ರಾಬಾಯಿ ಮುಂದೆ ಸರಿದು ತನ್ನ ಕೈಗಳನ್ನು ಚಾಚಿದಳು.

"ಇದೇನಬೇ?" ಎಂದಳು ಮುದುಕವ್ವ.

"ನನ್ನ ಬಳೀನೂ ಒಡೀರಿ ಯವ್ವಾ."

"ನಿನ್ನ ಬಳಿ ಯಾಕ ಒಡೀಬೇಕು? ನಿನ್ನವು ನಾಟಕದ ಬಳಿ. ದಿನಾ ಒಡಕೋತಿ, ದಿನಾ ಇಟಗೋತಿ. ನಮ್ಮ ಹುಡಿಗಿಗೆ ಇದು ಜಲ್ಮಕ್ಕ ಒಂದ ಸಲ."

"ತಾಳಿ ಕಟ್ಯಾರ್ರಿ," ಎಂದಳು ಬೀಬಿಜಾನ. "ತಿಕೋಟ್ಯಾಗ, ಹಣಮಪ್ಪನ ಗುಡ್ಯಾಗ. ನಾ ಇದ್ದೆ."

"ಹಣಮಪ್ಪನ ಗುಡ್ಯಾಗ ನೀ ಎಲ್ಲಿದ್ದಿ ಬೇ ಬೂಬವ್ವಾ? ಗಂಟಿ ಬಾರಸಾಕತ್ತಿದ್ದೇನು?"

ಯಾರೋ ನಕ್ಕರು, ಸೆರಗು ಬಾಯಿಗಿಟ್ಟುಕೊಂಡರು. ಬಾಗಿಲಲ್ಲಿ ನಿಂತಿದ್ದ ಹೊಳೆವ್ವ ಎಂಬ ನೆರೆಯವಳು, "ಹೆಂಡ್ತಿ ಹೌದಾದ್ರ ಒಂದ ದನಿ ಅಳಲಿ ನೋಡೂಣು. ಬಂದಾಗಿಂದ ಕಣ್ಣಾಗ ಒಂದ ಹನಿ ಇಲ್ಲ," ಎಂದಳು.

ಚಂದ್ರಾಬಾಯಿ ಬಾಯಿ ತೆರೆದಳು. ಮುಂಜಾನೆಯಿಂದ ಎದೆಯಲ್ಲಿ ಏನೋ ಗಟ್ಟಿಯಾಗಿ ಕೂತಿತ್ತು. ಅದು ಹೊರಗೆ ಬರಲೆಂದು ತೆರೆದಳು. ಬಂದದ್ದು ಮೂರನೆಯ ಅಂಕ. "ಅಯ್ಯೋ ನನ್ನ ದೊರಿಯೇ" ಎಂಬ ದನಿ ನೇರ ಕಪ್ಪು ಎರಡರ ಮೇಲೆ ಹೋಗಿ ಕೂತಿತು. ಸಾಬಣ್ಣ ಕಲಿಸಿದಂತೆ ಬಲಗೈ ಹಣೆಗೆ ಏರಿತು. ಏರುವುದನ್ನು ಅವಳೇ ನೋಡಿದಳು, ತಡೆಯಲಾಗಲಿಲ್ಲ.

"ಅದs! ಅದs ಅಳು!" ಎಂದಳು ಹೊಳೆವ್ವ. ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಕಳೆದದ್ದು ಸಿಕ್ಕವರಂತೆ ಹೇಳಿದಳು. "ಬಬಲೇಶ್ವರದಾಗ ಕೇಳಿದ್ದೆ ನಾ. ಥೇಟ್ ಹಿಂಗs ಅತ್ತಿದ್ಲು."

ಚಂದ್ರಾಬಾಯಿ ಬಾಯಿ ಮುಚ್ಚಿದಳು. ಆ ದಿನ ಮತ್ತೆ ತೆರೆಯಲಿಲ್ಲ.

"ಬಾಯಿಯವರ, ಮಣ್ಣಿಗೆ ಹೆಣ್ಣಮಕ್ಕಳು ಬರೂದಿಲ್ಲರಿ," ಎಂದ ಬೀರಣ್ಣ ಮರ್ಯಾದೆಯಿಂದಲೇ. "ಮೋಟಾರ ಹೊತ್ತಾತು." ಹೆಣ ಎತ್ತುವ ಮುನ್ನವೇ ಅವಳನ್ನು ಬಸ್ಸಿಗೆ ಹತ್ತಿಸಿದರು. ಕುಂಕುಮ ಹಣೆಯಲ್ಲೇ ಇತ್ತು. ಬಳೆ ಹನ್ನೆರಡೂ ಕೈಯಲ್ಲಿದ್ದವು. ಬಬಲೇಶ್ವರದಲ್ಲಿ ಕಂಡಕ್ಟರ ಗುರುತು ಹಿಡಿದು ಸೀಟು ಬಿಡಿಸಿಕೊಟ್ಟ. "ಇವತ್ತ ಯಾವ ಆಟ ಐತ್ರಿ ಬಾಯಿ?" ಎಂದು ಕೇಳಿದ.

ಆಮೇಲೆ ಒಂದು ವರ್ಷ ಅವಳು ಆ ಬಳೆಗಳ ಜತೆ ಬದುಕಿದಳು.

ತೆಗೆ ಎಂದು ಕಂಪನಿಯಲ್ಲಿ ಯಾರೂ ಹೇಳಲಿಲ್ಲ. ಇಟ್ಟುಕೋ ಎಂದೂ ಹೇಳಲಿಲ್ಲ. ತಾನೇ ಒಡೆದುಕೊಂಡರೆ ಅದು ನಾಟಕ. ಇಟ್ಟುಕೊಂಡರೆ ಅದು ಸುಳ್ಳು. ಅವನ ಮನೆಯವರು ಕೈ ಹಿಡಿದು ಒಡೆದರೆ ಮಾತ್ರ ತಾನು ಅವನ ಹೆಂಡತಿಯಾಗಿದ್ದದ್ದು ನಿಜವಾಗುತ್ತದೆ. ಸಾವಿರ ಸಲ ಗಂಡನನ್ನು ಕಳೆದುಕೊಂಡವಳು ಅವಳು, ಈ ಒಂದು ಸಲದ್ದು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. 'ಗಿರಣಿ ಭೋಂಗಾ' ಮಾಡುವುದಿಲ್ಲ ಎಂದಳು. ಧೂಳಪ್ಪ ಆ ಪಾರ್ಟನ್ನು ಗುಲಶನ ಎಂಬ ಇಪ್ಪತ್ತೆರಡರ ಹುಡುಗಿಗೆ ಕೊಟ್ಟ. ಚಂದ್ರಾಬಾಯಿ ಕೂತು ಕಲಿಸಿದಳು, ನಡೆ, ಬೀಳು, ಕಪ್ಪು ಎರಡು, ಎಲ್ಲ.

"ಒಂದ ಬಳಿ ಉಳಸು," ಎಂದಳು.

"ನಂದಿನ್ನಾ ಲಗ್ನಾನ ಆಗಿಲ್ಲಲ್ರಿ ಬಾಯಿ?"

"ಆದ್ರೂ ಉಳಸು."

ಗುಲಶನ ಚೆನ್ನಾಗಿ ಅತ್ತಳು. ಆದರೆ ಹೆಂಗಸರ ಕಡೆಯಿಂದ ಮೂಗೆಳೆಯುವ ಸದ್ದು ಬರಲಿಲ್ಲ. "ಆಕಿ ಅಳ್ತಾಳ, ನಮಗs ಬರವಲ್ದು," ಎಂದು ಹೋದರು.

ಗಾಜಿನ ಬಳೆ ಎಷ್ಟು ಜೋಪಾನ ಮಾಡಿದರೂ ಉಳಿಯುವುದಿಲ್ಲ. ಒಂದು ಕೊಡದ ಅಂಚಿಗೆ ಹೋಯಿತು. ಒಂದು ಲಾರಿಯ ಹಲಗೆಗೆ. ಒಂದು ನಿದ್ದೆಯಲ್ಲೇ ಬಿರಿದಿತ್ತು, ಬೆಳಿಗ್ಗೆ ಹಾಸಿಗೆಯಲ್ಲಿ ಎರಡು ತುಂಡು ಸಿಕ್ಕವು. ಅವಳು ತಾಯಿಯ ಪಾರ್ಟುಗಳಲ್ಲಿ ಎದೆ ಬಡಿದುಕೊಳ್ಳುವುದನ್ನು ಬಿಟ್ಟಳು. ಕೈ ಎತ್ತುವುದನ್ನೂ ಬಿಟ್ಟಳು. "ನಿಮ್ಮ ಕೈ ಯಾರರ ಕಟ್ಟಿ ಹಾಕ್ಯಾರೇನ್ರಿ ಬಾಯಿ?" ಎಂದು ಧೂಳಪ್ಪ ಕೇಳಿದ. ಚಮನಸಾಬ ಬಂದಾಗಲೆಲ್ಲ ಬಳೆಯ ಗಂಟು ಬಿಚ್ಚುತ್ತಿದ್ದ, ಅವಳು ತಲೆ ಅಲ್ಲಾಡಿಸುತ್ತಿದ್ದಳು. ಅವನು ಮತ್ತೆ ಕಟ್ಟುತ್ತಿದ್ದ.

ಮರುವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಕಂಪನಿ ಬಬಲೇಶ್ವರಕ್ಕೆ ಬಂತು. ಐತವಾರ ಮಧ್ಯಾಹ್ನ ಮೂರಕ್ಕೆ ಹೆಂಗಸರಿಗಾಗಿಯೇ ಒಂದು ಆಟ ಇಡುವುದು ಧೂಳಪ್ಪನ ಪದ್ಧತಿ. 'ಗಿರಣಿ ಭೋಂಗಾ'ನೇ ಬೇಕು, ಚಂದ್ರಾಬಾಯಿಯೇ ಬೇಕು ಎಂದು ಊರ ಹೆಂಗಸರು ಹೇಳಿ ಕಳಿಸಿದರು. ಧೂಳಪ್ಪ ಬಣ್ಣದ ಮನೆಯ ಬಾಗಿಲಿಗೆ ಬಂದು ನಿಂತ, ಕೇಳಲಾರದೆ ಟೊಪ್ಪಿಗೆ ತಿರುಗಿಸುತ್ತ ನಿಂತ.

ಚಂದ್ರಾಬಾಯಿ ಕೈ ನೋಡಿಕೊಂಡಳು. ಐದು ಉಳಿದಿದ್ದವು. ಎಡಗೈಗೆ ಮೂರು, ತೋಳಿಗೆ ಏರುವ ದೊಡ್ಡದೂ ಅದರಲ್ಲಿ ಒಂದು; ಬಲಗೈಗೆ ಎರಡು. ಇನ್ನೊಂದು ವರ್ಷಕ್ಕೆ ಒಂದೂ ಇರುವುದಿಲ್ಲ. ಯಾವುದೋ ಕೊಡಕ್ಕೆ, ಯಾವುದೋ ಹಲಗೆಗೆ ತಾಗಿ ಅವಳ ಗಂಡ ಮುಗಿದುಹೋಗುತ್ತಾನೆ.

"ಮಾಡ್ತೇನ್ರಿ," ಎಂದಳು.

ಚಮನಸಾಬನನ್ನು ಕರೆಸಿದಳು. ಅವನು ಆ ಸುತ್ತಿನ ಹಳ್ಳಿಗಳಿಗೆಲ್ಲ ಬಳೆ ಹೊತ್ತು ಹೋಗುವವನು. "ಕಾಖಂಡಕಿಗೆ ಹೋದ್ರ ಗುರುಸಿದ್ದವ್ವಾರಿಗೆ ಒಂದ ಮಾತ ಹೇಳ್ರಿ. ಐತವಾರ ಹೆಣ್ಣಮಕ್ಕಳ ಆಟ ಐತಿ, ಚಂದ್ರಾಬಾಯಿ ಬರಾಕ ಹೇಳ್ಯಾಳ ಅನ್ರಿ. ಐದ ಬಳಿ ಉಳದಾವ, ನಿಮ್ಮ ಕಣ್ಣ ಮುಂದ ಒಡಕೋತಾಳಂತ, ಮತ್ತ ಇಟಗೊಳ್ಳೂದಿಲ್ಲಂತ ಅನ್ರಿ." ಅವರು ಒಡೆಯದಿದ್ದರೆ ಬೇಡ. ನೋಡಿದರೆ ಸಾಕು.

ಎರಡು ದಿನದ ಮೇಲೆ ಚಮನಸಾಬ ಬಂದು ಗಂಟು ಇಳಿಸಿದ. "ಹೇಳಿದೆ. ರೊಟ್ಟಿ ಬಡ್ಯಾಕತ್ತಿದ್ಲು. ಬಡಿಯೂದ ನಿಲ್ಲಸಲಿಲ್ಲ. ಬಳಿ ಇಲ್ಲದಾಕಿ ಮನಿಗೆ ಬಳಿಗಾರ ಯಾಕ ಬಂದಾನ ಅಂತ ಓಣಿ ಮಂದೆಲ್ಲಾ ನೋಡಿತು ನನ್ನ."

"ಏನೂ ಅನ್ನಲಿಲ್ಲೇನು?"

"ನೀರ ಕೊಟ್ಲು. ಬಿಸಲಾಗ ಬಂದಿ ಅಂದ್ಲು. ಅಷ್ಟ."

ಐತವಾರ ಪರದೆಯ ತೂತಿಗೆ ಕಣ್ಣಿಟ್ಟು ನೋಡಿದಳು. ಕೂಸು ಎತ್ತಿಕೊಂಡವರು, ಬುತ್ತಿ ಗಂಟು ತಂದವರು, ಮುಂದೆ ಕೂರಲು ಜಗಳಾಡುವವರು. ಕಡೆಯ ಸಾಲಿನಲ್ಲಿ ಕಂಬದ ಪಕ್ಕ ಕುಂಕುಮವಿಲ್ಲದ ಒಂದು ಹಣೆ. ಗುರುಸಿದ್ದವ್ವ ಒಬ್ಬಳೇ ಬಂದಿದ್ದಳು. ಕಾಲು ಮಡಿಚಿ ಚಪ್ಪಲಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

ಮೊದಲೆರಡು ಅಂಕ ಹೇಗೆ ಹೋದವೋ ಚಂದ್ರಾಬಾಯಿಗೆ ತಿಳಿಯಲಿಲ್ಲ. ಮೂರನೆಯದರಲ್ಲಿ ಸೊಲ್ಲಾಪುರದಿಂದ ಸುದ್ದಿ ಬಂತು. ಅವಳು ಬೀಸುಕಲ್ಲಿನ ಮುಂದೆ ಕುಸಿದಳು. ಹೊಸ ಪೇಟಿ ಮಾಸ್ತರ ಕಪ್ಪು ಎರಡನ್ನು ಒತ್ತಿ ಹಿಡಿದ. ಅಳು ಅದರ ಮೇಲೆ ಬಂದು ಕೂರಬೇಕಿತ್ತು. ಬರಲಿಲ್ಲ. ಪೇಟಿ ಒಂದೇ ಸ್ವರದಲ್ಲಿ ಕಾಯಿತು. ಹೆಂಗಸರು ಕಾದರು. "ಅಳs ಬೇ ಯವ್ವಾ!" ಎಂದು ಯಾರೋ ಕೂಗಿದರು. ಅವಳು ಅಳಲಿಲ್ಲ. ಕಲ್ಲನ್ನು ನೋಡುತ್ತ ಕೂತಳು, ಬಹಳ ಹೊತ್ತು. ಕೂಸುಗಳೂ ಸುಮ್ಮನಾದವು. ಆಮೇಲೆ ಎರಡೂ ಕೈ ಎತ್ತಿ ಬಡಿದಳು.

ಮಾಸ್ತರ ಪೇಟಿಯಿಂದ ಕೈ ತೆಗೆದ. ಆಮೇಲೆ ಹೆಂಗಸರು ಒಬ್ಬರ ಹಿಂದೆ ಒಬ್ಬರು ಅಳತೊಡಗಿದರು, ತಮ್ಮ ತಮ್ಮ ಸತ್ತವರ ಹೆಸರು ಹಿಡಿದು. ವನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ.

ಬಣ್ಣದ ಮನೆಯಲ್ಲಿ ಧೂಳಪ್ಪನ ಹೆಂಡತಿ ರಾಚವ್ವ ಕುಂಕುಮದ ಭರಣಿ ಹಿಡಿದು ಕಾಯುತ್ತಿದ್ದಳು. "ಹಣಿ ತೋರಸ್ರಿ ಬಾಯಿ. ಹಂಗ ಬಿಡಬಾರದು."

"ಬ್ಯಾಡ್ರಿ ವೈನಿ."

ರಾಚವ್ವ ಬೀಬಿಜಾನಳ ಮುಖ ನೋಡಿದಳು. ಬೀಬಿಜಾನ ಕಣ್ಣಲ್ಲೇ ಹೋಗಿರಿ ಎಂದಳು. ಕನ್ನಡಿ ಗೋಡೆಯ ಕಡೆ ತಿರುಗಿತ್ತು. ಚಂದ್ರಾಬಾಯಿ ಟ್ರಂಕಿನ ಮುಂದೆ ಕೂತು ಜರ್ಮನ್ ಬಾಯಿಯನ್ನು ನೋಡಿದಳು.

ಗೋಣಿತಟ್ಟಿನ ಪರದೆ ಸರಿಯಿತು. ಚಪ್ಪಲಿ ಕೈಯಲ್ಲಿ ಹಿಡಿದು ಗುರುಸಿದ್ದವ್ವ ಒಳಗೆ ಬಂದಳು. ಸುತ್ತ ನೋಡಿದಳು: ಕಿರೀಟಗಳು, ಗಡ್ಡಗಳು, ಮೊಳೆಗೆ ತೂಗಿದ ಜರಿ ಸೀರೆಗಳು.

"ಇಲ್ಲೇ ಇರ್ತಿದ್ನೇನು ಅಂವಾ?"

"ಆ ಮೂಲ್ಯಾಗ ಪೇಟಿ ಇಡ್ತಿದ್ರು, ಅಕ್ಕಾ."

ಗುರುಸಿದ್ದವ್ವ ಆ ಮೂಲೆಯನ್ನು ನೋಡಿದಳು. ಅಲ್ಲಿ ಈಗ ಕಟ್ಟಿಗೆಯ ಕತ್ತಿಗಳ ಕಟ್ಟು ಇತ್ತು. ನೆಲದ ಮೇಲೆ ಕೂತಳು. ಕೂತವಳ ಕಣ್ಣು ಟ್ರಂಕಿನ ಮುಚ್ಚಳಕ್ಕೆ ಹೋಯಿತು.

"ಇಕಿ ಏನು ಜರ್ಮನ್ ಬಾಯಿ?"

ಚಂದ್ರಾಬಾಯಿ ತಿರುಗಿ ನೋಡಿದಳು. "ನಿಮಗ ಹೆಂಗ ಗೊತ್ರಿ?"

"ವರ್ಷಾ ವರ್ಷಾ ಬಂದಾಗ ಇಕೀದs ಕಥಿ. ರೊಟ್ಟಿ ಮಾರಾಂವನ ಮಗಳು, ಸಿಳ್ಳಿ ಹೊಡದ್ರು, ಶಾಲ ಹೊಚ್ಚಿದ್ರು. ನಾ ರೊಟ್ಟಿ ಬಡೀತಿದ್ದೆ, ಅಂವಾ ಒಲಿ ಮುಂದ ಕುಂತ ಹೇಳ್ತಿದ್ದ."

"ಕಡೀಕ ಏನಾತಂತ್ರಿ ಆಕಿಗೆ?"

"ನಿನಗ ಹೇಳಿಲ್ಲೇನು?"

"ಇಲ್ಲರಿ."

ಗುರುಸಿದ್ದವ್ವ ಚಪ್ಪಲಿಯನ್ನು ಪಕ್ಕಕ್ಕಿಟ್ಟಳು. "ಬಣ್ಣಾ ತೊಳಕೊಂಡು ಊರಿಗೆ ಹೋದ್ಲಂತ. ತನ್ನ ಮನಿಗೆ. ಅಲ್ಲೇ ಒಲಿ ಮುಂದ ಸತ್ತಳಂತ. ವರ್ಷಾ ಅದನ್ನ ಹೇಳಿ ಎದ್ದ ಹೋಗ್ತಿದ್ದ. ಅಂವಾನೂ ಹಂಗs ಬರ್ತಾನಂತ ನಾ ನಂಬತಿದ್ದೆ."

ಇಪ್ಪತ್ತು ವರ್ಷ ತನಗೆ ಹೇಳದೆ ಬಿಟ್ಟದ್ದು ಎಲ್ಲಿ ಖರ್ಚಾಗಿತ್ತು ಎಂದು ಚಂದ್ರಾಬಾಯಿಗೆ ಈಗ ತಿಳಿಯಿತು. ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನಾ ಆವತ್ತ ಅಳಲಿಲ್ಲ. ನೋಡಿದೆಲ್ಲ ನೀ?" ಎಂದಳು ಗುರುಸಿದ್ದವ್ವ. "ಇಪ್ಪತ್ತು ವರ್ಷದಾಗ ಅತ್ತ ಮುಗಿಸಿದ್ದೆ. ಮಂದಿ ನನಗೂ ಅಂದ್ರು, ಏನ ಹೆಂಗಸು ಅಂತ. ನಿನಗ ಅಳಾಕ ಬರ್ತೈತಿ ಅಂತ ಅಂದ್ರು, ನನಗ ಬರೂದಿಲ್ಲ ಅಂತ ಅಂದ್ರು. ಕೈ ತಾ ಇಲ್ಲಿ."

ಚಂದ್ರಾಬಾಯಿ ಎರಡೂ ಕೈ ಚಾಚಿದಳು. ಮಣಿಕಟ್ಟು ಬರಿದಾಗಿತ್ತು, ಗಾಜು ತಾಗಿ ಎರಡು ಕಡೆ ಗೀರಿ ರಕ್ತ ಬಂದಿತ್ತು. ಗುರುಸಿದ್ದವ್ವ ಸೆರಗಿನಿಂದ ಒರೆಸಿದಳು. ಒರೆಸುತ್ತ ಮೇಲೆ ಹೋದ ಕೈ ಕುಪ್ಪಸದ ಎಡತೋಳಿನ ಅಂಚಿನಲ್ಲಿ ನಿಂತಿತು. ಒಳಗೆ ಏನೋ ಗುಂಡಗೆ, ಗಟ್ಟಿಯಾಗಿ ಸಿಕ್ಕಿತು.

"ಇದೇನಿದು?"

ಚಂದ್ರಾಬಾಯಿ ತನ್ನ ತೋಳನ್ನು ನೋಡಿದಳು. ಒಂದನ್ನೂ ಉಳಿಸಬಾರದು ಎಂದು ಮೂರು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಬೀಸುಕಲ್ಲಿನ ಮುಂದೆ ಬಾಗುವಾಗ ಬಲಗೈ ಅವಳನ್ನು ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತ್ತು.

"ನಾ ಉಳಸಬೇಕಂತ ಉಳಸಲಿಲ್ಲರಿ ಅಕ್ಕಾ," ಎಂದಳು. "ಹಣಮಪ್ಪನ ಆಣಿ ನಾಟಕ ಅಲ್ಲರಿ. ಕೈ... ಕೈಗೆ ರೂಢಿ ಬಿದ್ದೈತಿ."

ಗುರುಸಿದ್ದವ್ವ ಬಳೆಯ ಮೇಲಿನ ಬೆರಳು ತೆಗೆಯಲಿಲ್ಲ. ಇನ್ನು ಇವಳು ಏಳುತ್ತಾಳೆ, ಚಪ್ಪಲಿ ಹಿಡಿದು ಹೋಗುತ್ತಾಳೆ, ಊರಲ್ಲಿ ಹೇಳುತ್ತಾಳೆ, ಮುದುಕವ್ವ ಹೇಳಿದ್ದು ಖರೆ, ನಾಟಕದ ಬಳಿ ಅಂತ. ಚಂದ್ರಾಬಾಯಿ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಗುರುಸಿದ್ದವ್ವನ ಹಿಡಿತ ಗಟ್ಟಿ ಇತ್ತು.

"ಅಂವಾ ತೆಗೀತಿದ್ನೇನು ಇದನ್ನ?"

"ಹೂನ್ರಿ."

"ಹೆಂಗ?"

"ಹಂಗs ಬೆರಳ ಹಾಕಿ... ಕೆಳಗ ಇಳಸ್ತಿದ್ರು."

ಗುರುಸಿದ್ದವ್ವ ಕುಪ್ಪಸದೊಳಗೆ ಬೆರಳು ತೂರಿಸಿದಳು. ಬಳೆಯನ್ನು ಮೆಲ್ಲಗೆ, ಚರ್ಮ ಗೀರದಂತೆ, ಮಣಿಕಟ್ಟಿನವರೆಗೆ ಇಳಿಸಿದಳು. ಒಂದು ಸಲ ತಿರುಗಿಸಿ ನೋಡಿದಳು. ಆಮೇಲೆ ಚಂದ್ರಾಬಾಯಿಯ ಕೈಯನ್ನು ಟ್ರಂಕಿನ ಕಬ್ಬಿಣದ ಅಂಚಿಗೆ ಒಯ್ದು ಒಂದೇ ಏಟಿಗೆ ಬಡಿದಳು.

ಒಂದು ಬಳೆಯ ಸದ್ದು ಬಹಳ ಸಣ್ಣದು. ಬಣ್ಣದ ಮನೆಯಾಚೆ ಯಾರಿಗೂ ಕೇಳಿರಲಾರದು.

"ಒಂದ ಉಳದಿತ್ತು," ಎಂದಳು ಗುರುಸಿದ್ದವ್ವ. ಹೆಬ್ಬೆರಳಿನಿಂದ ಅವಳ ಹಣೆಯಲ್ಲಿ ಉಳಿದಿದ್ದ ಕುಂಕುಮದ ಕಲೆ ಒರೆಸಿದಳು. ಬಣ್ಣವೂ ಅಳಿಸಿ ಕೆಳಗಿನ ಚರ್ಮದ ಕಪ್ಪು ಕಂಡಿತು. ಆಮೇಲೆ ನೆಲದ ಮೇಲೆ ಬಾಗಿ ಹಸಿರು ಚೂರುಗಳನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ನನ್ನ ಬಳಿ ಚೂರೂ ಅವನ ಕುಣಿ ಬಾಜೂಕ ಹಾಕ್ಯಾರ. ಇವನ್ನೂ ಅಲ್ಲೇ ಹಾಕ್ತೇನಿ. ಅತ್ತ ಬಿಡು ತಂಗಿ, ಇಲ್ಲಿ ಯಾರಿಲ್ಲ."

ಆಗ ಚಂದ್ರಾಬಾಯಿಗೆ ಅಳು ಬಂತು. ಅದು ಯಾವ ಸ್ವರದ ಮೇಲೂ ಕೂರಲಿಲ್ಲ. ಒಡೆದ ದನಿ, ಕುರಿ ಕೆಮ್ಮಿದಂತೆ, ನಡುನಡುವೆ ಉಸಿರು ಸಿಗದೆ. ಸಾಬಣ್ಣ ಕೇಳಿದ್ದರೆ ಚೀರಾಟ ಎನ್ನುತ್ತಿದ್ದ. ಬೀಬಿಜಾನ ಹೊರಗೆ ಹೋಗಿ ಬಾಗಿಲಿನ ಗೋಣಿತಟ್ಟಿಗೆ ಬೆನ್ನು ಕೊಟ್ಟು ನಿಂತಳು, ಯಾರೂ ಒಳಗೆ ಬಾರದಂತೆ.

ಕಾಖಂಡಕಿಯ ಕಡೆಯ ಬಸ್ಸು ಥೇಟರಿನ ಹಿಂದಿನ ದಾರಿಯಲ್ಲಿ ಎರಡು ಸಲ ಹಾರ್ನು ಹೊಡೆದು ಹೋಯಿತು. ಗುರುಸಿದ್ದವ್ವ ತಲೆ ಎತ್ತಿ ಕೇಳಿದಳು. ಏಳಲಿಲ್ಲ.